ಬಿಡಿ ಭಾಗಗಳಿಂದ ಎದ್ದುನಿಂತ ಕಾರು: ಟ್ರಯಂಫ್ ಹೆರಾಲ್ಡ್

1953ರಲ್ಲಿ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿ ಫಿಶರ್ ಅಂಡ್ ಲಡ್ಲೋ ಎಂಬ ಕಂಪನಿಯನ್ನು ಕೊಂಡುಕೊಂಡಿತು. ಆಸ್ಟಿನ್ ಮತ್ತು ಮಾರಿಸ್ ಎಂಬ ಕಾರು ಕಂಪನಿಗಳು ಒಂದಾಗಿ ಬಿಎಂಸಿ ಹುಟ್ಟಿ ಆಗಿನ್ನೂ ಒಂದು ವರ್ಷವಾಗಿತ್ತು. ಫಿಶರ್ ಅಂಡ್ ಲಡ್ಲೋದವರ ಕಸುಬು ಕಾರುಗಳಿಗೆ ಉಕ್ಕಿನ ಬಾಡಿ ಒತ್ತಿಕೊಡುವುದು. ಅವರ ಗಿರಾಕಿಗಳಲ್ಲಿ ಕೊವೆಂಟ್ರಿಯ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯೂ ಒಂದು. ಸ್ಟ್ಯಾಂಡರ್ಡ್‌ನ ಪುಟ್ಟ ಕಾರು 'ಎಯ್ಟ್' ಬಾಡಿ ಬರುತ್ತಿದ್ದದ್ದು ಅಲ್ಲಿಂದಲೇ. ಒಂದೇ ಏಟಿಗೆ ಆ ಕಂಪನಿ ಎದುರಾಳಿಯ ಕೈಗೆ ಹೋಯಿತು. ಇರುವ ಕಾರುಗಳಿಗೆ ಹೇಗೋ ಬಾಡಿ ಬರುತ್ತಿತ್ತು. ಮುಂದೆ ಮಾಡುವ ಹೊಸ ಕಾರಿಗೆ ಯಾರ ಮನೆ ಬಾಗಿಲು ತಟ್ಟುವುದು?

ಆ ಹೊಸ ಕಾರೇ ಟ್ರಯಂಫ್ ಹೆರಾಲ್ಡ್. ಅದರ ಗುಣ, ದೋಷ, ಅದು ಹನ್ನೆರಡು ವರ್ಷ ಬಾಳಿದ್ದು, ಮದ್ರಾಸಿಗೆ ಬಂದು ಬೇರೆಯದೇ ರೂಪ ತಾಳಿದ್ದು, ಎಲ್ಲದರ ಬೇರೂ ಈ ಇಕ್ಕಟ್ಟಿನಲ್ಲಿದೆ ಎಂದು ನಾನು ನಂಬುತ್ತೇನೆ. ಬ್ರಿಟಿಷ್ ಕಾರುಗಳ ಮಾತು ಬಂದರೆ ಎಲ್ಲರೂ ಮಿನಿಯನ್ನು ಹೊಗಳುತ್ತಾರೆ, ಜಾಗ್ವಾರ್ ಹೆಸರು ಹೇಳುತ್ತಾರೆ, ಹೆರಾಲ್ಡ್ ಬಂದಾಗ 'ಹಳೇ ಕಾಲದ ಚಾಸಿ ಇಟ್ಟುಕೊಂಡಿದ್ದ ಚಂದದ ಕಾರು' ಎಂದು ಮುಂದೆ ಹೋಗುತ್ತಾರೆ. (ಚಾಸಿ ಎಂದರೆ ಇಂಜಿನ್, ಚಕ್ರ, ಬಾಡಿ ಎಲ್ಲವನ್ನೂ ಹೊರುವ ಉಕ್ಕಿನ ಚೌಕಟ್ಟು.) ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ನಾನು ಹಾಸನದಲ್ಲಿ ಗ್ಯಾರೇಜ್ ನಡೆಸುತ್ತಿದ್ದವರ ಮಗಳು. ಅಪ್ಪನ ಹತ್ತಿರ ಬರುತ್ತಿದ್ದದ್ದು ಹೆಚ್ಚಾಗಿ ಅಂಬಾಸಿಡರು, ಫಿಯೆಟ್ಟು, ಕಾಫಿ ತೋಟದವರ ಜೀಪು. ಅವುಗಳ ನಡುವೆ ಸಕಲೇಶಪುರದ ಕಡೆಯ ಡಾಕ್ಟರೊಬ್ಬರ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇತ್ತು. ಆ ಕಾರು ಒಳಗೆ ಬಂದರೆ ಅಪ್ಪ ಬೇರೆ ಕೆಲಸವನ್ನು ಹುಡುಗರಿಗೆ ಬಿಟ್ಟು ತಾವೇ ಎದ್ದು ಬರುತ್ತಿದ್ದರು. ಮುಂದೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಕೆಲಸದ ಮೇಲೆ ಕೊವೆಂಟ್ರಿಗೆ ಬಂದು ಇಲ್ಲೇ ನೆಲೆಸಿದೆ. ಹೆರಾಲ್ಡ್ ತಯಾರಾಗುತ್ತಿದ್ದ ಕ್ಯಾನ್ಲಿ ಇದೇ ಊರಿನ ಭಾಗ. 1980ರಲ್ಲಿ ಅಲ್ಲಿ ಕಾರು ಜೋಡಣೆ ನಿಂತಿತು. ಈಗ ಆ ಜಾಗದಲ್ಲಿ ಕಚೇರಿಗಳೂ ಗೋದಾಮುಗಳೂ ಇವೆ. ರಸ್ತೆಗಳಿಗೆ ಮಾತ್ರ ಟ್ರಯಂಫ್ ಕಾರುಗಳ ಹೆಸರು: ಹೆರಾಲ್ಡ್ ಅವೆನ್ಯೂ, ಡಾಲೊಮೈಟ್ ಅವೆನ್ಯೂ.

ಐವತ್ತರ ದಶಕದ ನಡುವಿನ ಹೊತ್ತಿಗೆ ಚಾಸಿ ಬೇರೆ ಬಾಡಿ ಬೇರೆ ಎಂಬ ಪದ್ಧತಿ ಸಣ್ಣ ಕಾರುಗಳಲ್ಲಿ ಮುಗಿಯುತ್ತಾ ಬಂದಿತ್ತು. ಇಡೀ ಬಾಡಿಯೇ ಒಂದು ಗಟ್ಟಿ ಪೆಟ್ಟಿಗೆಯಂತಾಗಿ ಇಂಜಿನ್, ಚಕ್ರ ಎಲ್ಲವನ್ನೂ ಹೊರುವ ಮೊನೊಕಾಕ್ ವಿಧಾನ ಬಂದಿತ್ತು. ಅದು ಹಗುರ, ಗಟ್ಟಿ, ಹೆಚ್ಚು ಕಾರು ಮಾಡಿದಷ್ಟೂ ಅಗ್ಗ. ಆದರೆ ಅದಕ್ಕೆ ಉಕ್ಕಿನ ಹಾಳೆ ಒತ್ತಿ ರೂಪ ಕೊಡುವ ದೊಡ್ಡ ದೊಡ್ಡ ಪ್ರೆಸ್ಸುಗಳು ಬೇಕು, ಒಂದೇ ಸೂರಿನಡಿ ಇಡೀ ಬಾಡಿಯನ್ನು ಬೆಸೆಯುವ ವ್ಯವಸ್ಥೆ ಬೇಕು. ಸ್ಟ್ಯಾಂಡರ್ಡ್ ಬಳಿ ಅದಿರಲಿಲ್ಲ. ಅವರ ಬಳಿ ಇದ್ದದ್ದು ಹ್ಯಾರಿ ವೆಬ್‌ಸ್ಟರ್ ಎಂಬ ಇಂಜಿನಿಯರ್. ಆತ ಹುಡುಕಿದ ದಾರಿ ಸರಳ: ಚಾಸಿಯನ್ನು ನಾವೇ ಮಾಡೋಣ, ಬಾಡಿಯನ್ನು ಸಣ್ಣ ಸಣ್ಣ ತುಂಡು ಮಾಡಿ ಬೇರೆ ಬೇರೆ ಕಡೆ ಒತ್ತಿಸೋಣ, ಕೊನೆಗೆ ಎಲ್ಲವನ್ನೂ ಬೋಲ್ಟ್ ಹಾಕಿ ಬಿಗಿಯೋಣ. ಒಂದೊಂದು ತುಂಡೂ ಸಣ್ಣದಾದ್ದರಿಂದ ಸಣ್ಣ ಕಂಪನಿಗಳೂ ಅದನ್ನು ಮಾಡಿಕೊಡಬಲ್ಲವು. ಆಗ ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದವರು ಆಲಿಕ್ ಡಿಕ್. ಅವರು ಇದಕ್ಕೆ ಒಪ್ಪಿಗೆ ಕೊಟ್ಟದ್ದಷ್ಟೇ ಅಲ್ಲ, 1958ರಲ್ಲಿ ಮುಲಿನರ್ಸ್ ಎಂಬ ಬಾಡಿ ಕಂಪನಿಯನ್ನೇ ಕೊಂಡರು. ಆಮೇಲೆ ಲಿವರ್‌ಪೂಲ್ ಹತ್ತಿರದ ಸ್ಪೀಕ್‌ನಲ್ಲಿದ್ದ ಹಾಲ್ ಇಂಜಿನಿಯರಿಂಗನ್ನೂ ತೆಗೆದುಕೊಂಡರು.

ಚಾಸಿ ಸಿದ್ಧವಾಯಿತು, ಕಾರಿಗೆ ರೂಪ ಮಾತ್ರ ಕೂಡಿಬರಲಿಲ್ಲ. ಕಂಪನಿಯೊಳಗೆ ಬರೆದ ನಕ್ಷೆಗಳು ದಪ್ಪದಪ್ಪ, ಯಾರ ಮನಸ್ಸಿಗೂ ಹಿಡಿಸಲಿಲ್ಲ. 1957ರಲ್ಲಿ ವೆಬ್‌ಸ್ಟರ್ ಇಟಲಿಯ ಟ್ಯೂರಿನ್‌ನಲ್ಲಿ ಕಾರು ವಿನ್ಯಾಸಕ ಜಿಯೊವಾನಿ ಮಿಕೆಲೊಟ್ಟಿಯ ಮುಂದೆ ಕೂತು ಕಷ್ಟ ಹೇಳಿಕೊಂಡರು. ಮಿಕೆಲೊಟ್ಟಿಗೆ ಅಳತೆ ಕೊಟ್ಟರು, ಆತ ಅಲ್ಲೇ ಪೆನ್ಸಿಲ್ ಹಿಡಿದು ಗೀಚತೊಡಗಿದ. ಆ ವರ್ಷ ಮುಗಿಯುವ ಹೊತ್ತಿಗೆ ಕೂಪೆಯ (ಗಿಡ್ಡ ಛಾವಣಿಯ, ಎರಡು ಬಾಗಿಲಿನ ಕಾರಿನ) ಮಾದರಿ ಕೊವೆಂಟ್ರಿಗೆ ಬಂದಿಳಿಯಿತು. ಚೂಪಾದ ಅಂಚುಗಳು, ತೆಳುವಾದ ಕಂಬಗಳು, ದೊಡ್ಡ ಗಾಜುಗಳು, ಹಿಂದೆ ಸಣ್ಣಗೆ ಎದ್ದ ರೆಕ್ಕೆ. ಆ ಕಾಲದ ಬ್ರಿಟಿಷ್ ಕಾರುಗಳ ಗುಂಡುಗುಂಡು ಮೈಯ ಪಕ್ಕದಲ್ಲಿ ಅದು ಬೇರೆ ದೇಶದಿಂದ ಬಂದದ್ದೆಂದು ನೋಡಿದವರಿಗೆ ಹೇಳಬೇಕಾಗಿರಲಿಲ್ಲ. ಬಾಡಿಯ ತುಂಡುಗಳು ಸೇರುವ ಜಾಗಗಳನ್ನು ಮಿಕೆಲೊಟ್ಟಿ ಮುಚ್ಚಿಡಲು ಹೋಗಲಿಲ್ಲ. ಬಾನೆಟ್ಟಿನ ಅಂಚು, ಛಾವಣಿಯ ಸೇರಿಕೆ, ಎಲ್ಲವನ್ನೂ ಕಾರಿನ ಗೆರೆಗಳಾಗಿ ತಿರುಗಿಸಿದ. ಕೊರತೆಯನ್ನು ಚೆಲುವಾಗಿ ಮಾರ್ಪಡಿಸಿದ ಈ ಜಾಣತನಕ್ಕೆ ನಾನು ಇವತ್ತಿಗೂ ಮನಸೋಲುತ್ತೇನೆ. ಆತ ಮುಂದೆ ಟಿಆರ್4, ಸ್ಪಿಟ್‌ಫೈರ್, ಟ್ರಯಂಫ್ 2000 ಕಾರುಗಳನ್ನೆಲ್ಲ ಬರೆದ. ಆದರೂ ನನಗೆ ಹೆಚ್ಚು ಹಿಡಿಸುವುದು ಹೆರಾಲ್ಡೇ.

ಬಿಡುಗಡೆಗೆ ಮುಂಚೆ ಕಾರನ್ನು ಆಫ್ರಿಕಾದ ಉದ್ದಕ್ಕೂ, ಕೇಪ್ ಟೌನಿನಿಂದ ಟ್ಯಾಂಜಿಯರ್‌ವರೆಗೆ ಓಡಿಸಿ ನೋಡಿದರು. 1959ರ ಏಪ್ರಿಲ್ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜನರ ಮುಂದೆ ಇಟ್ಟರು. ವೇದಿಕೆಯ ಮೇಲೇ ಬಿಡಿ ಭಾಗಗಳನ್ನು ಜೋಡಿಸಿ ಕಾರು ಮಾಡಿ ತೋರಿಸಿದರಂತೆ. ಬೇರೆ ಯಾವ ಕಂಪನಿಯೂ ತನ್ನ ಕಾರನ್ನು ಹಾಗೆ ತೋರಿಸುವಂತಿರಲಿಲ್ಲ. ಟಿಆರ್2, ಟಿಆರ್3 ಸ್ಪೋರ್ಟ್ಸ್ ಕಾರುಗಳಿಂದ ಕಳೆಗಟ್ಟಿದ್ದ ಟ್ರಯಂಫ್ ಹೆಸರನ್ನೇ ಇದಕ್ಕೂ ಕೊಟ್ಟರು. ಟ್ರಯಂಫನ್ನು ಸ್ಟ್ಯಾಂಡರ್ಡ್ 1944ರಲ್ಲೇ ಕೊಂಡಿತ್ತು.

ಬೆಲೆ ಮಾತ್ರ ತೆರಿಗೆ ಸೇರಿ 700 ಪೌಂಡಿನ ಆಸುಪಾಸು. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಮಿನಿ 500 ಪೌಂಡಿಗಿಂತ ತುಸು ಕಡಿಮೆ, ಫೋರ್ಡ್ ಆಂಗ್ಲಿಯಾ 589 ಪೌಂಡ್. ಹೆರಾಲ್ಡ್‌ನ ಇಂಜಿನ್ 948 ಸಿಸಿಯದು, ಹಳೆಯ ಸ್ಟ್ಯಾಂಡರ್ಡ್ ಟೆನ್‌ನಿಂದ ಬಂದದ್ದು, ಶಕ್ತಿ 34.5 ಅಶ್ವಶಕ್ತಿ. 'ದಿ ಮೋಟರ್' ಪತ್ರಿಕೆಯವರು ಓಡಿಸಿ ಅಳೆದಾಗ ನಿಂತಲ್ಲಿಂದ ಗಂಟೆಗೆ 60 ಮೈಲಿ ವೇಗ ಮುಟ್ಟಲು 31.1 ಸೆಕೆಂಡು ಹಿಡಿಯಿತು, ಅತಿ ಹೆಚ್ಚಿನ ವೇಗ 70.9 ಮೈಲಿ. ದುಡ್ಡು ಹೆಚ್ಚು, ಓಟ ಕಡಿಮೆ. ಮೊದಲ ವರ್ಷದ ಕಾರುಗಳಲ್ಲಿ ಸಂದುಗಳಿಂದ ನೀರು ಒಳಗೆ ಬರುತ್ತಿತ್ತು, ಬಾಡಿ ಕಟಕಟ ಅನ್ನುತ್ತಿತ್ತು. ಹತ್ತಾರು ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದರೆ ಹೀಗಾಗುವುದೇ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದರು, ಕ್ಯಾನ್ಲಿಯ ಜೋಡಣೆ ಸಾಲಿನಲ್ಲಿ ದುಡಿದವರು. ಬಾನೆಟ್ಟನ್ನು ಸರಿಯಾಗಿ ಕೂರಿಸುವುದೇ ಒಂದು ವಿದ್ಯೆಯಾಗಿತ್ತು, ಎಡಕ್ಕೆ ಸರಿಹೋದರೆ ಬಲಕ್ಕೆ ಸಂದು ಬಿಡುತ್ತಿತ್ತು ಎಂದು ಅವರು ಕೈಯಲ್ಲಿ ತೋರಿಸಿ ಹೇಳುತ್ತಿದ್ದರು.

ಆ ಬಾನೆಟ್ಟಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹೆರಾಲ್ಡ್‌ನ ಮುಂಭಾಗ ಪೂರ್ತಿ, ಅಂದರೆ ಎರಡೂ ಮಡ್‌ಗಾರ್ಡು, ಹೆಡ್‌ಲೈಟು ಎಲ್ಲ ಸೇರಿ, ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಪಕ್ಕದಲ್ಲಿರುವ ಎರಡು ಕೊಂಡಿ ಬಿಡಿಸಿ ಎತ್ತಿದರೆ ಇಂಜಿನ್, ಸ್ಟೇರಿಂಗ್, ಮುಂದಿನ ಸಸ್ಪೆನ್ಷನ್ (ಚಕ್ರಗಳ ಕುಲುಕಾಟ ತಡೆಯುವ ಜೋಡಣೆ) ಎಲ್ಲ ಬಯಲಿಗೆ ಬಂದು ನಿಲ್ಲುತ್ತವೆ. ಅಂಬಾಸಿಡರ್‌ನಲ್ಲಿ ಅಪ್ಪ ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಳ್ಳುತ್ತಿದ್ದರು. ಹೆರಾಲ್ಡ್ ಬಂದರೆ ಮುಂದಿನ ಟೈರಿನ ಮೇಲೆ ಒಂದು ಗೋಣಿಚೀಲ ಹಾಸಿ, ಅದರ ಮೇಲೆ ಕೂತು, ಟ್ಯಾಪೆಟ್ ಸೆಟ್ ಮಾಡುತ್ತಿದ್ದರು, ಅಂದರೆ ಇಂಜಿನ್ನಿನ ವಾಲ್ವುಗಳ ಸಂದು ಸರಿಮಾಡುತ್ತಿದ್ದರು. ಎದುರು ಟೈರಿನ ಮೇಲೆ ನಾನು. ಸಂದು ಅಳೆಯುವ ಫೀಲರ್ ಗೇಜಿನ ತೆಳು ಉಕ್ಕಿನ ಎಲೆಗಳನ್ನು ಎಣಿಸಿ ಕೊಡುವುದು ನನ್ನ ಕೆಲಸ. ಇಂಜಿನ್ ಎಂದರೆ ಏನು, ಯಾವುದು ಯಾವುದನ್ನು ತಿರುಗಿಸುತ್ತದೆ ಎನ್ನುವುದನ್ನು ನಾನು ಕಲಿತದ್ದು ಹಾಗೆ, ಕಣ್ಣಿಗೆ ಕಾಣುವ ಇಂಜಿನ್ ನೋಡಿ. ಕಾಲೇಜಿನ ಪಾಠ ಬಂದದ್ದು ಆಮೇಲೆ.

ಅದರ ಇನ್ನೊಂದು ಮುಖವೂ ಇದೆ. ಮುಂದೆ ಎಲ್ಲಾದರೂ ಸಣ್ಣದಾಗಿ ತಗುಲಿದರೂ ಏಟು ಬೀಳುವುದು ಆ ಇಡೀ ದೊಡ್ಡ ತುಂಡಿಗೆ. ಕೊವೆಂಟ್ರಿಯಲ್ಲಾದರೆ ಹೊಸದು ತರಿಸಿ ಹಾಕುತ್ತಿದ್ದರು. ಹಾಸನದಲ್ಲಿ ಟಿಂಕರಿಂಗ್ ಮಾಡುವ ಸಾಬರು ಅದನ್ನು ಬಿಚ್ಚಿ ಮರದ ದಿಮ್ಮಿಯ ಮೇಲಿಟ್ಟು ದಿನಗಟ್ಟಲೆ ತಟ್ಟುತ್ತಿದ್ದರು.

ಸ್ಟೇರಿಂಗ್ ಕಡೆ ಬಂದರೆ ಹೆರಾಲ್ಡ್‌ಗೆ ಸಾಟಿಯಿಲ್ಲ. ರ್‍ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್ (ಹಲ್ಲಿನ ಪಟ್ಟಿಯನ್ನು ಸಣ್ಣ ಹಲ್ಲುಚಕ್ರ ಸರಿಸುವಂಥದ್ದು), ಚಕ್ರಗಳು ಬಹಳ ದೂರ ತಿರುಗುತ್ತವೆ, 25 ಅಡಿಯ ವೃತ್ತದಲ್ಲಿ ಕಾರು ಪೂರ್ತಿ ಸುತ್ತಿ ಬರುತ್ತದೆ. ಲಂಡನ್ನಿನ ಟ್ಯಾಕ್ಸಿಗೆ ಹೆಸರು ಬಂದದ್ದೇ ಆ ಬಗೆಯ ತಿರುವಿನಿಂದ, ಮನೆಮಂದಿ ಓಡಿಸುವ ಕಾರಿನಲ್ಲಿ ಅದು ಅಪರೂಪ. ಸ್ಟೇರಿಂಗ್ ಕಾಲಮ್ಮು ಡಿಕ್ಕಿಯಾದಾಗ ಎದೆಗೆ ಚುಚ್ಚದೆ ಒಳಗೆ ಸರಿಯುವಂತಿತ್ತು. ಅಂಥ ಸುರಕ್ಷತೆಯ ಯೋಚನೆ 1959ರಲ್ಲಿ ಅಗ್ಗದ ಕಾರುಗಳಲ್ಲಿ ಕಾಣುತ್ತಿರಲಿಲ್ಲ.

ಮುಂದಿನ ಸಸ್ಪೆನ್ಷನ್‌ನ ಕೆಳತುದಿಯಲ್ಲಿ ಟ್ರನಿಯನ್ ಎಂಬ ಕಂಚಿನ ಭಾಗವೊಂದಿದೆ. ಚಕ್ರ ಹೊರುವ ಉಕ್ಕಿನ ಕಡ್ಡಿಯ ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಅದರೊಳಗೆ ತಿರುಚಿ ಕೂತಿರುತ್ತದೆ, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಮರೆಯಲ್ಲೇ ಚಕ್ರ ತಿರುಗುವುದು. ಅಲ್ಲಿಗೆ ಗೇರ್ ಎಣ್ಣೆ ಹಾಕಬೇಕು, ಗ್ರೀಸ್ ಹಾಕಬಾರದು. ಗ್ರೀಸ್ ಒಣಗಿ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ಮಳೆನೀರು ಒಳಗೇ ಉಳಿದು ಮರೆ ತುಕ್ಕು ಹಿಡಿಯುತ್ತದೆ, ಒಂದು ದಿನ ಕಡ್ಡಿಯೇ ಮುರಿದು ಚಕ್ರ ಒಳಕ್ಕೆ ಮಲಗುತ್ತದೆ. ಅಪ್ಪ ಈ ಕೆಲಸವನ್ನು ಯಾರಿಗೂ ಬಿಡುತ್ತಿರಲಿಲ್ಲ. 'ಗ್ರೀಸ್ ಗನ್ ಹಿಡ್ಕೊಂಡು ಆ ಕಾರಿನ ಹತ್ರ ಹೋದ್ರೆ ನೋಡು' ಎಂದು ಹುಡುಗರಿಗೆ ಗದರುತ್ತಿದ್ದರು. ಇಲ್ಲಿಯ ಟ್ರಯಂಫ್ ಮಾಲೀಕರು ಸೇರಿದ ಕಡೆಯೆಲ್ಲ ಇದೇ ಮಾತು ಕೇಳುತ್ತೇನೆ, ಇದೇ ಎಚ್ಚರ, ಇದೇ ಗದರಿಕೆ.

ಹೆರಾಲ್ಡ್‌ನ ನಿಜವಾದ ವಿವಾದ ಇರುವುದು ಹಿಂದಿನ ಚಕ್ರಗಳಲ್ಲಿ. ಆ ಕಾಲದ ಹೆಚ್ಚಿನ ಬ್ರಿಟಿಷ್ ಸಲೂನ್ ಕಾರುಗಳಲ್ಲಿ (ಮುಚ್ಚಿದ ಛಾವಣಿಯ ಮನೆಬಳಕೆಯ ಕಾರು) ಹಿಂದಿನ ಎರಡು ಚಕ್ರಗಳ ನಡುವೆ ಆಕ್ಸೆಲ್ ಹೊತ್ತ ಒಂದೇ ಗಟ್ಟಿ ಕೊಳವೆ, ಅಂದರೆ ಹೌಸಿಂಗು. ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರವೂ ವಾಲುತ್ತದೆ. ವೆಬ್‌ಸ್ಟರ್ ಹೆರಾಲ್ಡ್‌ಗೆ ಬೇರೆ ಬೇರೆಯಾಗಿ ಆಡುವ ಹಿಂಚಕ್ರಗಳನ್ನು ಕೊಟ್ಟರು. ಇದು ಆ ದರ್ಜೆಯ ಬ್ರಿಟಿಷ್ ಕಾರಿಗೆ ದೊಡ್ಡ ಹೆಜ್ಜೆ. ಇಂಜಿನ್ನಿನ ಬಲವನ್ನು ಎರಡು ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಚಾಸಿಗೆ ಭದ್ರವಾಗಿ ಕೂತಿರುತ್ತದೆ. ಅದರ ನೆತ್ತಿಯ ಮೇಲೆ ಅಡ್ಡಕ್ಕೆ ಒಂದೇ ಒಂದು ಪ್ಲೇಟ್ ಸ್ಪ್ರಿಂಗು, ಅದರ ಎರಡು ತುದಿಗಳಲ್ಲಿ ಎರಡು ಚಕ್ರ. ಪ್ರತಿ ಚಕ್ರಕ್ಕೂ ಒಂದು ಆಕ್ಸೆಲ್, ಒಳತುದಿಯಲ್ಲಿ ಮಾತ್ರ ಒಂದು ಯುನಿವರ್ಸಲ್ ಜಾಯಿಂಟು, ಅಂದರೆ ತಿರುಗುತ್ತಲೇ ಬಾಗಬಲ್ಲ ಕೀಲು. ಹೀಗಾಗಿ ಚಕ್ರ ಮೇಲೆ ಕೆಳಗೆ ಆಡುವಾಗ ನೇರ ನಿಲ್ಲುವುದಿಲ್ಲ, ಆಕ್ಸೆಲ್ಲಿನ ಜೊತೆ ತಾನೂ ವಾಲುತ್ತದೆ. ಇದಕ್ಕೇ ಸ್ವಿಂಗ್ ಆಕ್ಸೆಲ್ ಎನ್ನುವುದು.

ನಿಧಾನವಾಗಿ ಹೋಗುವವರಿಗೆ ಇದರಿಂದ ಸುಖವೇ. ಕೆಟ್ಟ ರಸ್ತೆಯಲ್ಲೂ ಕಾರು ಮೆತ್ತಗೆ ಹೋಗುತ್ತದೆ. ತಿರುವಿನಲ್ಲಿ ಜೋರಾಗಿ ಹೋಗಿ, ಗಾಬರಿಯಿಂದ ಆಕ್ಸಿಲರೇಟರ್ ಮೇಲಿನ ಕಾಲನ್ನು ತಟ್ಟನೆ ತೆಗೆದರೆ ಬೇರೆ ಕತೆ. ಭಾರ ಮುಂದಕ್ಕೆ ಹೋಗಿ ಹಿಂಭಾಗ ಮೇಲೇಳುತ್ತದೆ, ಹೊರಬದಿಯ ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ, ಟೈರಿನ ಅಂಚು ಮಾತ್ರ ನೆಲಕ್ಕೆ ತಾಗುತ್ತದೆ. ಹಿಡಿತ ತಪ್ಪಿ ಹಿಂಭಾಗ ಬೀಸಿಕೊಂಡು ಹೊರಗೆ ಹೋಗುತ್ತದೆ. ಮುಂದೆ ಇದೇ ಚಾಸಿಗೆ ಹೆಚ್ಚು ಶಕ್ತಿಯ ಇಂಜಿನ್ ಹಾಕಿದ ಅಣ್ಣತಮ್ಮಂದಿರ ಕಾರುಗಳಲ್ಲಿ ಇದು ಇನ್ನೂ ಅಪಾಯವಾಯಿತು. 1968ರಲ್ಲಿ ವಿಟೆಸ್ ಮತ್ತು ಜಿಟಿ6 ಕಾರುಗಳಿಗೆ ಕೆಳಗೊಂದು ವಿಶ್‌ಬೋನ್ (ಚಕ್ರವನ್ನು ನೆಟ್ಟಗೆ ಹಿಡಿಯುವ ತೋಳು) ಕೊಟ್ಟು ಸರಿಪಡಿಸಿದರು. 1970ರ ಸ್ಪಿಟ್‌ಫೈರ್ ಮಾರ್ಕ್ 4ಕ್ಕೆ ಸ್ಪ್ರಿಂಗನ್ನೇ ಬೇರೆ ರೀತಿ ಕೂರಿಸಿದರು. ಹೆರಾಲ್ಡ್‌ಗೆ ಮಾತ್ರ ಕೊನೆಯವರೆಗೂ ಹಳೆಯದೇ ಉಳಿಯಿತು. ಇದು ನನಗೆ ಬೇಸರದ ವಿಷಯ. ಪರಿಹಾರ ಗೊತ್ತಿತ್ತು, ಅದೇ ಕಾರ್ಖಾನೆಯಲ್ಲಿ ಮಾಡುತ್ತಲೂ ಇದ್ದರು, ಮನೆಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಕೊಡಲಿಲ್ಲ.

ನಮ್ಮ ಕಡೆ ಇದೇ ಸಸ್ಪೆನ್ಷನ್ ಬೇರೆ ಕಾಟ ಕೊಟ್ಟಿತು. ಬ್ರಿಟನ್ನಿನಲ್ಲಿ ಅತಿವೇಗದ ಭಯ, ಊರಿನಲ್ಲಿ ಅತಿಭಾರದ್ದು. ಹಿಂದಿನ ಸೀಟಿನಲ್ಲಿ ಮೂವರು, ಮಡಿಲಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಅಕ್ಕಿಮೂಟೆ. ಸ್ಪ್ರಿಂಗ್ ಕುಸಿದು ಹಿಂಚಕ್ರಗಳು ಆಗತಾನೇ ಹುಟ್ಟಿ ಎದ್ದುನಿಂತ ಕರುವಿನ ಕಾಲಿನ ಹಾಗೆ ಅಗಲಿಸಿಕೊಳ್ಳುತ್ತಿದ್ದವು. ಟೈರುಗಳ ಒಳಅಂಚು ಬೇಗ ಸವೆಯುತ್ತಿತ್ತು, ಜಾಯಿಂಟುಗಳು ಟಕಟಕ ಅನ್ನುತ್ತಿದ್ದವು. ಡಾಕ್ಟರು 'ಇನ್ನೊಂದು ಪ್ಲೇಟ್ ಸೇರಿಸಿ ಎತ್ತರ ಮಾಡಿಬಿಡಿ' ಎಂದು ಕೇಳಿದಾಗ ಅಪ್ಪ ಒಪ್ಪಲಿಲ್ಲ. ಲೋಡ್ ಇದ್ದಾಗ ನೆಟ್ಟಗೆ ನಿಂತ ಚಕ್ರ ಖಾಲಿ ಕಾರಿನಲ್ಲಿ ಒಳಕ್ಕೆ ಮಡಚಿಕೊಂಡಿರುತ್ತದೆ, ಆಮೇಲೆ ಶಿರಾಡಿ ಘಾಟಿಯ ತಿರುವಿನಲ್ಲಿ ನೀವು ಒಬ್ಬರೇ ಇಳಿಯುವಾಗ ಅದು ಕೈಕೊಡುತ್ತದೆ ಎಂದು ಬಿಡಿಸಿ ಹೇಳಿದರು. ಪ್ಲೇಟುಗಳನ್ನು ಬಿಚ್ಚಿಸಿ ಕುಲುಮೆಯಲ್ಲಿ ಮೊದಲಿನ ಬಾಗು ತರಿಸಿದರೇ ಹೊರತು ಹೊಸದು ಸೇರಿಸಲಿಲ್ಲ. ಅಪ್ಪ ಎಸ್ಸೆಸ್ಸೆಲ್ಸಿ ದಾಟಿದವರಲ್ಲ. ಸ್ವಿಂಗ್ ಆಕ್ಸೆಲ್‌ನ ರೇಖಾಗಣಿತವನ್ನು ಅವರಷ್ಟು ಸ್ಪಷ್ಟವಾಗಿ ನನಗೆ ಆಮೇಲೆ ಯಾವ ಪ್ರೊಫೆಸರೂ ಹೇಳಲಿಲ್ಲ.

ಮತ್ತೆ ಕೊವೆಂಟ್ರಿಗೆ. ಸ್ಟ್ಯಾಂಡರ್ಡ್ ಕಂಪನಿಗೆ ಟ್ರ್ಯಾಕ್ಟರಿನ ವ್ಯವಹಾರವೂ ಇತ್ತು. ಬ್ಯಾನರ್ ಲೇನ್ ಕಾರ್ಖಾನೆಯಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ಮಾಡಿಕೊಡುತ್ತಿತ್ತು. 1959ರಲ್ಲಿ ಅದನ್ನು ಮ್ಯಾಸಿ ಫರ್ಗ್ಯುಸನ್‌ಗೆ ಮಾರಿತು. ಬಾಡಿ ಮಾಡುವ ಕಂಪನಿಗಳನ್ನು ಕೊಳ್ಳುವುದಕ್ಕೂ ಕಾರ್ಖಾನೆ ಹಿಗ್ಗಿಸುವುದಕ್ಕೂ ಹಣ ನೀರಿನಂತೆ ಹೋಯಿತು. 1960ರಲ್ಲಿ ಬ್ರಿಟನ್ನಿನಲ್ಲಿ ಸಾಲದ ಮೇಲೆ ಬಿಗಿ ಬಂದು ಕಾರು ಕೊಳ್ಳುವವರು ಕಡಿಮೆಯಾದರು. 1961ರಲ್ಲಿ ಲಾರಿ ತಯಾರಿಸುವ ಲೇಲ್ಯಾಂಡ್ ಕಂಪನಿ ಸ್ಟ್ಯಾಂಡರ್ಡ್-ಟ್ರಯಂಫನ್ನು ಕೊಂಡಿತು. ಆಲಿಕ್ ಡಿಕ್ ಅದೇ ವರ್ಷ ಹೊರಬಿದ್ದರು. ಹೆರಾಲ್ಡ್ ಹುಟ್ಟಲು ಕಾರಣರಾದವರಿಗೇ ಅದರ ಒಳ್ಳೆಯ ದಿನಗಳನ್ನು ನೋಡುವ ಭಾಗ್ಯವಿರಲಿಲ್ಲ.

ಒಳ್ಳೆಯ ದಿನಗಳು ಬಂದವು. 1961ರ ಹೆರಾಲ್ಡ್ 1200ರಲ್ಲಿ ಇಂಜಿನ್ 1147 ಸಿಸಿಗೆ ಏರಿತು. ಒಳಗೆ ವಾಲ್‌ನಟ್ ಮರದ ಹಾಳೆ ಹೊದಿಸಿದ ಡ್ಯಾಶ್‌ಬೋರ್ಡ್, ಬಂಪರ್ ಮೇಲೆ ಬಿಳಿ ರಬ್ಬರಿನ ಹೊದಿಕೆ, ಜೋಡಣೆಯೂ ಮೊದಲಿಗಿಂತ ಬಿಗಿ. ಅಲ್ಲಿಂದ ಮಾರಾಟ ಚೇತರಿಸಿಕೊಂಡಿತು. ಆಮೇಲೆ ಬಂದ 12/50ಯಲ್ಲಿ ಛಾವಣಿ ಸರಿಸುವ ಅನುಕೂಲ, ಮುಂದೆ ಡಿಸ್ಕ್ ಬ್ರೇಕು. 1967ರಲ್ಲಿ 1296 ಸಿಸಿಯ 13/60. ಸಲೂನ್ 1970ರ ಕೊನೆಗೆ ನಿಂತಿತು, ಉಳಿದ ರೂಪಗಳು 1971ರಲ್ಲಿ. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಕಾರುಗಳು.

ಈ ಕಾರಿನ ವಂಶ ನೋಡಿ. ಮೊನೊಕಾಕ್ ಕಾರಿನ ಛಾವಣಿ ಕತ್ತರಿಸಿದರೆ ಬಾಡಿಯ ಬಲವೇ ಹೋಗುತ್ತದೆ. ಹೆರಾಲ್ಡ್‌ನಲ್ಲಿ ಬಲ ಇರುವುದು ಚಾಸಿಯಲ್ಲಿ, ಛಾವಣಿ ಬರೀ ಬೋಲ್ಟ್ ಮೇಲೆ ಕೂತದ್ದು. ಹಾಗಾಗಿ ಹೆಚ್ಚು ಖರ್ಚಿಲ್ಲದೆ ಕೂಪೆ ಬಂತು, 1960ರಲ್ಲಿ ನಾಲ್ಕು ಜನ ಕೂರುವ ಕನ್ವರ್ಟಿಬಲ್ (ಛಾವಣಿ ಮಡಚುವ ಕಾರು) ಬಂತು, 1961ರಲ್ಲಿ ಎಸ್ಟೇಟ್ (ಹಿಂದೆ ಸಾಮಾನಿಗೆ ಉದ್ದ ಜಾಗವಿರುವ ಕಾರು), ಮುಂದೆ ಕೊರಿಯರ್ ಎಂಬ ವ್ಯಾನು. ಆರು ಸಿಲಿಂಡರಿನ ಇಂಜಿನ್ ಇಟ್ಟು 1962ರಲ್ಲಿ ವಿಟೆಸ್. ಚಾಸಿಯನ್ನು ಗಿಡ್ಡ ಮಾಡಿ ಅದೇ ವರ್ಷ ಸ್ಪಿಟ್‌ಫೈರ್, ಅದಕ್ಕೂ ಆರು ಸಿಲಿಂಡರ್ ಕೊಟ್ಟು 1966ರಲ್ಲಿ ಜಿಟಿ6. ಸ್ಪಿಟ್‌ಫೈರ್ ಒಂದೇ ಮೂರು ಲಕ್ಷ ದಾಟಿತು, 1980ರವರೆಗೆ ನಡೆಯಿತು. ದೊಡ್ಡ ಪ್ರೆಸ್ ಇಲ್ಲದ ಈ ಕಂಪನಿ ಒಂದೇ ಚಾಸಿಯಿಂದ ಇಷ್ಟೆಲ್ಲ ತೆಗೆಯಿತು.

ಇದೇ ಗುಣದಿಂದ ಅದು ಸಮುದ್ರವನ್ನೂ ದಾಟಿತು. ಬಿಡಿಯಾಗಿ ಪೆಟ್ಟಿಗೆಯಲ್ಲಿ ಕಳಿಸಿ ಹೊರದೇಶದಲ್ಲಿ ಜೋಡಿಸುವುದಕ್ಕೆ ಹೆರಾಲ್ಡ್‌ನಷ್ಟು ಹೊಂದುವ ಕಾರು ಅಪರೂಪ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1948ರಲ್ಲಿ ಶುರುವಾದದ್ದು. ಕಾರ್ಖಾನೆ ಊರಾಚೆ ವಂಡಲೂರಿನ ಬಳಿ. ವ್ಯಾನ್‌ಗಾರ್ಡ್, ಎಯ್ಟ್, ಟೆನ್ ಕಾರುಗಳ ನಂತರ 1961ರಲ್ಲಿ ಹೆರಾಲ್ಡ್ ಕೈಗೆತ್ತಿಕೊಂಡರು. ಅಲ್ಲಿ ಅದು ಟ್ರಯಂಫ್ ಆಗಲಿಲ್ಲ, ಸ್ಟ್ಯಾಂಡರ್ಡ್ ಹೆರಾಲ್ಡ್ ಆಯಿತು. ಪರ್ಮಿಟ್ಟಿನ ಆ ಕಾಲದಲ್ಲಿ ನಮ್ಮ ದೇಶದಲ್ಲಿ ಕಾರು ಎಂದರೆ ಮೂರೇ ಮನೆತನ: ಹಿಂದುಸ್ತಾನ್, ಪ್ರೀಮಿಯರ್, ಸ್ಟ್ಯಾಂಡರ್ಡ್. ಮೂರರಲ್ಲಿ ಚಿಕ್ಕದು ಸ್ಟ್ಯಾಂಡರ್ಡ್. ವರ್ಷ ಕಳೆದಂತೆ ಭಾರತದಲ್ಲೇ ತಯಾರಾದ ಭಾಗಗಳು ಹೆಚ್ಚುತ್ತ ಬಂದವು. ಇಂಜಿನ್ ಮಾತ್ರ 948 ಸಿಸಿಯದೇ ಉಳಿಯಿತು.

ಮದ್ರಾಸಿನವರು ಕೊವೆಂಟ್ರಿಯವರು ಮಾಡದ ಒಂದು ಕೆಲಸ ಮಾಡಿದರು. ಬ್ರಿಟನ್ನಿನ ಹೆರಾಲ್ಡ್‌ಗೆ ಕೊನೆಯವರೆಗೂ ಎರಡೇ ಬಾಗಿಲು. ನಮ್ಮಲ್ಲಿ ಹಿಂದಿನ ಸೀಟು ಅಂದರೆ ಅಜ್ಜಿ ತಾತ ಕೂರುವ ಜಾಗ, ಡ್ರೈವರ್ ಇಟ್ಟುಕೊಂಡವರಿಗೆ ಯಜಮಾನರೇ ಕೂರುವ ಜಾಗ. ಮುಂದಿನ ಸೀಟು ಮಡಚಿ ಸೀರೆ ಸರಿಮಾಡಿಕೊಂಡು ಬಗ್ಗಿ ಹೋಗುವುದು ಎಷ್ಟು ದಿನ ನಡೆದೀತು? ಅವರು ನಾಲ್ಕು ಬಾಗಿಲಿನ ಹೆರಾಲ್ಡ್ ಕಟ್ಟಿದರು. 1968ರ ಮಾರ್ಕ್ 3 ನಾಲ್ಕು ಬಾಗಿಲಿನದು. ಚಾಸಿ ಬೇರೆಯಾಗಿದ್ದದ್ದರಿಂದಲೇ ಒಂದು ಸಣ್ಣ ಕಾರ್ಖಾನೆಗೆ ಇಂಥ ಧೈರ್ಯ ಸಾಧ್ಯವಾಯಿತು. 1971ರಲ್ಲಿ ಇನ್ನೂ ಮುಂದೆ ಹೋಗಿ ಮೈಕಟ್ಟನ್ನು ತಿದ್ದಿ ಗೆಜೆಲ್ ಎಂದು ಹೆಸರಿಟ್ಟರು. ಅದರ ಮುಖ್ಯ ಬದಲಾವಣೆ ಅಪ್ಪನ ಗ್ಯಾರೇಜಿನ ಜಗಳಕ್ಕೇ ಉತ್ತರ: ಆಡುವ ಹಿಂಚಕ್ರಗಳನ್ನು ತೆಗೆದು ಗಟ್ಟಿ ಹೌಸಿಂಗ್ ಹಾಕಿದರು. ಭಾರ ಹೊರುವವರಿಗೂ ಮೆಕ್ಯಾನಿಕ್ಕುಗಳಿಗೂ ಸ್ವಿಂಗ್ ಆಕ್ಸೆಲ್ ಹಿಡಿಸಿರಲಿಲ್ಲ. ಕೊವೆಂಟ್ರಿ ಬಿಟ್ಟುಬಿಟ್ಟ ಸಮಸ್ಯೆಯನ್ನು ಮದ್ರಾಸು ತನ್ನ ದಾರಿಯಲ್ಲಿ ಬಗೆಹರಿಸಿತು. ಹೆರಾಲ್ಡ್ ಚರಿತ್ರೆಯಲ್ಲಿ ಈ ಸಂಗತಿಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ.

ಗೆಜೆಲ್ ಹೆಚ್ಚು ಸಂಖ್ಯೆಯಲ್ಲಿ ಬರಲಿಲ್ಲ, 1977ರಲ್ಲಿ ನಿಂತಿತು. ಆಮೇಲೆ ಕಂಪನಿ ವ್ಯಾನುಗಳಿಗೆ ಸೀಮಿತವಾಯಿತು. 1985ರಲ್ಲಿ ರೋವರ್ ಎಸ್‌ಡಿ1 ಕಾರಿನ ಬಾಡಿಗೆ ಹಳೆಯ ವ್ಯಾನ್‌ಗಾರ್ಡ್ ವಂಶದ ಎರಡು ಲೀಟರ್ ಇಂಜಿನ್ ಇಟ್ಟು ಸ್ಟ್ಯಾಂಡರ್ಡ್ 2000 ತಂದಿತು. ಅದು ಕೆಲವೇ ವರ್ಷ ಬಾಳಿತು, ಅಲ್ಲಿಗೆ ಮದ್ರಾಸಿನ ಸ್ಟ್ಯಾಂಡರ್ಡ್ ಕಾರುಗಳ ಕಾಲವೂ ಮುಗಿಯಿತು.

ಬ್ರಿಟನ್ನಿನಲ್ಲಿ ಹೆರಾಲ್ಡ್ ಇವತ್ತಿಗೂ ಮೊದಲ ಬಾರಿ ಹಳೆಯ ಕಾರು ಕೊಳ್ಳುವವರ ಮೆಚ್ಚಿನದು. 1977ರಲ್ಲಿ ಹುಟ್ಟಿದ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಹೆರಾಲ್ಡ್ ವಂಶವನ್ನೆಲ್ಲ ನೋಡಿಕೊಳ್ಳುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ಚಾಸಿಯಿಂದ ಪಕ್ಕಕ್ಕೆ ಚಾಚಿದ ಕೈಗಳನ್ನು ತಿಂದುಹಾಕುತ್ತದೆ. ಕೊಳ್ಳುವವರು ಹೊಳೆಯುವ ಬಣ್ಣ ನೋಡದೆ ಮೊದಲು ಕೆಳಗೆ ಮಲಗಿ ಅವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಹಾಸನ, ಮೈಸೂರಿನ ಕಾರುಗಳಿಗೆ ಆ ಕಷ್ಟವಿಲ್ಲ.

ಊರಿನ ಓದುಗರಲ್ಲಿ ಯಾರ ಶೆಡ್ಡಿನಲ್ಲಾದರೂ ಮಾರ್ಕ್ 3 ಅಥವಾ ಗೆಜೆಲ್ ಇದ್ದರೆ ಒಂದು ಮಾತು. ಟ್ರನಿಯನ್, ಯುನಿವರ್ಸಲ್ ಜಾಯಿಂಟು, ಗ್ಯಾಸ್ಕೆಟ್, ಬ್ರೇಕಿನ ರಬ್ಬರುಗಳು ಇಲ್ಲಿ ಇಂದಿಗೂ ಹೊಸದಾಗಿ ತಯಾರಾಗುತ್ತವೆ, ನಿಮ್ಮದರ ಅಳತೆ ನೋಡಿಕೊಂಡು ತರಿಸಬಹುದು. ಹಿಂದಿನ ಬಾಗಿಲು, ಅದರ ಗಾಜು, ಅದರ ಅಂಚಿನ ಬೀಡಿಂಗು ಮಾತ್ರ ಇಡೀ ಬ್ರಿಟನ್ ಹುಡುಕಿದರೂ ಸಿಗುವುದಿಲ್ಲ, ಇಲ್ಲಿ ಅವನ್ನು ಮಾಡಿಯೇ ಇಲ್ಲ. ಕಾರು ಓಡದಿದ್ದರೂ ಪರವಾಗಿಲ್ಲ, ಆ ಬಾಗಿಲುಗಳನ್ನು ಗುಜರಿಯವರಿಗೆ ಕೊಡಬೇಡಿ. ಕೊಡಲೇಬೇಕಾದರೆ ನನಗೆ ಒಂದು ಸಾಲು ಬರೆಯಿರಿ, ಬೇಕಾದವರನ್ನು ಹುಡುಕಿ ಕೊಡುತ್ತೇನೆ.